ದೋಣಿ ರೂಪಕವಲ್ಲ

ಕನ್ನಡದ ದೋಣಿ ನೀರು ಬಿಟ್ಟು ಬಹಳ ಕಾಲವಾಯಿತು. ಇಂದು ಅದು ತೇಲುತ್ತಿರುವುದು ಭಾಷಣಗಳಲ್ಲಿ, ಭಜನೆಗಳಲ್ಲಿ ಮತ್ತು ಪತ್ರಿಕೆಗಳ ಮುಖಪುಟದಲ್ಲಿ. ಚುಕ್ಕಾಣಿಯನ್ನು ಈಗ ಹಿಡಿಯುವವರು ಮುಖ್ಯಮಂತ್ರಿಗಳು ಮತ್ತು ಪಕ್ಷಾಧ್ಯಕ್ಷರು ಮಾತ್ರ. ಹುಟ್ಟು ಎಂದರೆ ನಮಗೆ ಜನನ. ಅದು ನೀರನ್ನು ತಳ್ಳುವ ಸಾಧನವೂ ಹೌದೆಂಬುದನ್ನು ನಿಘಂಟು ನೆನಪಿಟ್ಟುಕೊಂಡಿದೆ, ನಾವು ಮರೆತಿದ್ದೇವೆ. ಅಂಬಿಗನೆಂದರೆ ಭಗವಂತ, ಸಾಗರವೆಂದರೆ ಸಂಸಾರ, ದಡವೆಂದರೆ ಮುಕ್ತಿ ಅಥವಾ ಮಗಳ ಮದುವೆ. ಈ ರೂಪಕಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ವಸ್ತುವಿನ ಬಳಕೆ ನಿಂತುಹೋಗಿ ಅದರ ರೂಪಕ ಮಾತ್ರ ಉಳಿದಾಗ ಒಂದು ಭಾಷೆಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಬಳಗದ ಮುಂದಿಡದೆ ಇರಲಾರೆ.

ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ನಾನು ಉಪ್ಪಲ್‌ನಲ್ಲಿ ವಾಸಿಸುವ ಕೇಂದ್ರ ಸರ್ಕಾರದ ನೌಕರ. ನೌಕರನಿಗೂ ನೌಕೆಗೂ ವ್ಯುತ್ಪತ್ತಿಯ ಸಂಬಂಧವಿಲ್ಲವೆಂಬುದು ಗೊತ್ತಿದ್ದೂ ಇನ್ನೂ ಮೂವರೊಡನೆ ಸೇರಿ ಒಂದು ಹಳೆಯ ಹಾಯಿದೋಣಿಯನ್ನು ಇಟ್ಟುಕೊಂಡಿದ್ದೇನೆ. ನಾಲ್ವರಲ್ಲಿ ಕನ್ನಡದವನು ನಾನೊಬ್ಬನೇ. ಉಳಿದವರ ಮನೆಮಾತು ತೆಲುಗು, ತಮಿಳು ಮತ್ತು ದಖನಿ. ದೋಣಿ ಎಂಟರ್‌ಪ್ರೈಸ್ ವರ್ಗದ್ದು. ಜ್ಯಾಕ್ ಹೋಲ್ಟ್ ಎಂಬ ಇಂಗ್ಲಿಷ್ ವಿನ್ಯಾಸಕ 1956ರಲ್ಲಿ ರೂಪಿಸಿದ, ಸುಮಾರು 4 ಮೀಟರ್ ಉದ್ದದ, ನೀಲಿ ಹಾಯಿಗಳ, ಇಬ್ಬರು ನಡೆಸುವ ಪ್ಲೈವುಡ್ ದೋಣಿ ಅದು. ಈ ವಿಷಯ ತಿಳಿದಾಗ ಬಳಗದ ಹಿರಿಯರೊಬ್ಬರು, “ಇದೆಲ್ಲ ದೊಡ್ಡವರ ಶೋಕಿ, ಇದರ ಬಗ್ಗೆ ಕನ್ನಡದಲ್ಲಿ ಬರೆಯುವುದೇನಿದೆ?” ಎಂದರು. ಅವರ ಮಾತಿನಲ್ಲಿ ಎರಡು ಆಕ್ಷೇಪಗಳಿವೆ. ಎರಡೂ ತಪ್ಪೆಂದು ತೋರಿಸುವುದೇ ಈ ಬರಹದ ಉದ್ದೇಶ.

ಮೊದಲು ಶೋಕಿಯ ಮಾತು. ಇಂಥ ದೋಣಿಯ ಒಡೆತನವೆಂದರೆ ಮುಖ್ಯವಾಗಿ ರಿಪೇರಿಯ ಕೆಲಸ. ಒಂದು ಗಂಟೆ ನೀರಿನ ಮೇಲಿರಬೇಕಾದರೆ ಎರಡು ಗಂಟೆ ದಡದಲ್ಲಿ ದುಡಿಯಬೇಕು. ಪ್ಲೈವುಡ್ಡಿನ ಶತ್ರು ಅಲೆಯಲ್ಲ. ಅಂಚುಗಳಲ್ಲಿ, ಸ್ಕ್ರೂ ಕೂತ ತೂತುಗಳಲ್ಲಿ ಸದ್ದಿಲ್ಲದೆ ಇಳಿಯುವ ತೇವ. ಅದು ಒಮ್ಮೆ ಪದರಗಳ ನಡುವೆ ಸೇರಿತೆಂದರೆ ಮರ ಒಳಗೊಳಗೇ ಮೆತ್ತಗಾಗುತ್ತದೆ, ಮೇಲೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಆದ್ದರಿಂದ ಬೇಸಗೆಯಲ್ಲಿ ದೋಣಿಯನ್ನು ಮಗುಚಿ ಹಾಕಿ, ಬೆರಳ ಗೆಣ್ಣಿನಿಂದ ಇಂಚಿಂಚು ತಟ್ಟಿ, ಸದ್ದು ಮಂದವಾದಲ್ಲಿ ಕೆತ್ತಿ ತೆಗೆದು, ಒಣಗಿಸಿ, ಎಪಾಕ್ಸಿ ತುಂಬಿ, ಸ್ಯಾಂಡ್‌ಪೇಪರಿನಿಂದ ಉಜ್ಜಿ, ವಾರ್ನಿಷ್ ಬಳಿಯಬೇಕು. ಒಂದು ಕೋಟು ಒಣಗಿದ ಮೇಲೆ ಮತ್ತೆ ಉಜ್ಜಿ ಇನ್ನೊಂದು ಕೋಟು. ಹಾಯಿಯ ಬಟ್ಟೆಯನ್ನು ತಿನ್ನುವುದು ಗಾಳಿಗಿಂತ ಹೆಚ್ಚಾಗಿ ಬಿಸಿಲು; ಕೆಲಸ ಮುಗಿದ ಕೂಡಲೇ ಮಡಚಿ ನೆರಳಿಗೆ ಸೇರಿಸಬೇಕು. ಹಾಯಿಕಂಬವನ್ನು ಹಿಡಿದಿರುವ ಉಕ್ಕಿನ ತಂತಿಯ ಒಂದೇ ಒಂದು ಎಳೆ ತುಂಡಾಗಿದ್ದರೂ ಇಡೀ ತಂತಿಯನ್ನು ಬದಲಿಸಬೇಕು. ಖರ್ಚನ್ನು ನಾಲ್ವರೂ ಹಂಚಿಕೊಂಡಾಗ ತಲೆಗೆ ಬೀಳುವ ವರ್ಷದ ಮೊತ್ತ ನಮ್ಮ ಮನೆಗಳ ಒಂದು ಹಬ್ಬದ ವೆಚ್ಚವನ್ನು ದಾಟುವುದಿಲ್ಲ. ನಿಜವಾಗಿ ಹಂಚಿಕೊಳ್ಳಬೇಕಾದದ್ದು ಭಾನುವಾರಗಳನ್ನು.

ಈ ಆಟ ಸಿರಿವಂತರ ಮಕ್ಕಳದ್ದೇ ಎಂಬುದಕ್ಕೂ ಇಂದು ಆಧಾರವಿಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಹಾಯಿದೋಣಿಯ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಆಕೆ ಪಳಗಿದ್ದು ಸಮುದ್ರದಲ್ಲಿ ಅಲ್ಲ, ಭೋಪಾಲದ ಕೆರೆಯಲ್ಲಿ. ನಮ್ಮ ಹುಸೇನ್ ಸಾಗರದಲ್ಲೂ ಸರ್ಕಾರಿ ಶಾಲೆಗಳ ಬಡಮಕ್ಕಳಿಗೆ ತರಬೇತಿ ಕೊಡುವ ಯಾಟ್ ಕ್ಲಬ್ ಇದೆ. ಹಾಗಿರುವಾಗ ನಮ್ಮ ಮಧ್ಯಮವರ್ಗದ ಸಾಹಿತ್ಯಾಭಿಮಾನಿಗಳು ಶೋಕಿ ಎಂದು ದೂರವಿಡುವುದು ಹಣವನ್ನಲ್ಲ, ಕೈಕೆಲಸವನ್ನು ಎಂಬ ಅನುಮಾನ ನನಗೆ. ಮದುವೆಯ ಛತ್ರಕ್ಕೆ ಲಕ್ಷಗಳನ್ನು ಸುರಿಯುವುದು ಶೋಕಿಯಲ್ಲ. ಬನಿಯನ್ ತೊಟ್ಟು ಮರ ಉಜ್ಜುವುದು ಶೋಕಿ!

ಇನ್ನು ಕೆರೆಯ ಗಬ್ಬುನಾತದ ಮಾತು ಬಂದೇ ಬರುತ್ತದೆ. ಹುಸೇನ್ ಸಾಗರ 1560ರ ದಶಕದಲ್ಲಿ ಇಬ್ರಾಹಿಂ ಕುಲಿ ಕುತುಬ್ ಷಾನ ಆಳ್ವಿಕೆಯಲ್ಲಿ ಕಟ್ಟಿದ ಕೆರೆ. ಕೂಕಟ್‌ಪಲ್ಲಿ ನಾಲೆ ಮನೆಗಳ ಮತ್ತು ಕೈಗಾರಿಕೆಗಳ ಕೊಳಚೆಯನ್ನು ದಶಕಗಳ ಕಾಲ ಅದಕ್ಕೆ ತಂದು ಸುರಿದಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪತಿಗಳ ವಿಸರ್ಜನೆಯನ್ನು 2021ರಲ್ಲಿ ತೆಲಂಗಾಣ ಹೈಕೋರ್ಟು ತಡೆಯಿತು. ಸುಪ್ರೀಂ ಕೋರ್ಟು ಆ ವರ್ಷಕ್ಕೆ ಮಾತ್ರ, ಕೊನೆಯ ಬಾರಿಗೆ ಎಂದು, ಅವಕಾಶ ಕೊಟ್ಟಿತು. ಟ್ಯಾಂಕ್ ಬಂಡ್ ಮೇಲೆ ನಿಂತು ಮೂಗು ಮುಚ್ಚಿಕೊಳ್ಳುವವನಿಗೆ ಇದು ಸುದ್ದಿ. ಅದೇ ನೀರಿನಲ್ಲಿ ದೋಣಿ ಮಗುಚಿದರೆ ಇಳಿದು, ಕೆಳಗಿನ ಸೆಂಟರ್‌ಬೋರ್ಡಿನ ಮೇಲೆ ಕಾಲಿಟ್ಟು ಎತ್ತಿ ನಿಲ್ಲಿಸಬೇಕಾದವನಿಗೆ ಇದು ಮೈಗಂಟಿದ ಸಂಗತಿ. ಯಾವ ಮಳೆಯ ನಂತರ ನೊರೆ ಬರುತ್ತದೆ, ಯಾವ ಮೂಲೆಯಲ್ಲಿ ಕಳೆ ಹಬ್ಬುತ್ತದೆ, ಸತ್ತ ಮೀನು ಯಾವ ತಿಂಗಳು ತೇಲುತ್ತದೆ ಎಂಬುದನ್ನು ಅವನು ಬಲ್ಲ. ನೀರಿಗಿಳಿಯುವವರೇ ಇಲ್ಲವಾದ ಕೆರೆಯ ಪರವಾಗಿ ಸಾಕ್ಷಿ ಹೇಳುವವರು ಯಾರು? ಕೆರೆ ಕೊಳಕಾಗಿದೆಯೆಂದು ದೋಣಿ ಬಿಡುವುದನ್ನು ನಿಲ್ಲಿಸಿದರೆ ಸಂತೋಷಪಡುವವರು ಕೊಳಚೆ ಬಿಡುವವರು ಮಾತ್ರ.

ಎರಡನೆಯ ಆಕ್ಷೇಪವೇ ನನ್ನ ಮಟ್ಟಿಗೆ ಮುಖ್ಯವಾದದ್ದು: ಇದರ ಬಗ್ಗೆ ಕನ್ನಡದಲ್ಲಿ ಬರೆಯುವುದೇನಿದೆ?

ಜೋಸೆಫ್ ಕಾನ್ರಾಡ್‌ನನ್ನು ಎಂ.ಎ. ತರಗತಿಯಲ್ಲಿ ಓದಿದವರು ನಮ್ಮಲ್ಲಿ ಹಲವರಿದ್ದಾರೆ. ಪೋಲಿಷ್ ಅವನ ತಾಯ್ನುಡಿ, ಫ್ರೆಂಚ್ ಎರಡನೆಯದು, ಇಂಗ್ಲಿಷ್ ಬೆಳೆದ ಮೇಲೆ ಹಡಗುಗಳಲ್ಲಿ ಕಲಿತದ್ದು. ಅವನು 1906ರಲ್ಲಿ ಪ್ರಕಟಿಸಿದ ‘ದ ಮಿರರ್ ಆಫ್ ದ ಸೀ’ ಎಂಬ ಪುಸ್ತಕದಲ್ಲಿ ಪತ್ರಕರ್ತರ ಮೇಲೆ ಹರಿಹಾಯುವ ಒಂದು ಭಾಗವಿದೆ. ಲಂಗರನ್ನು ‘ಎಸೆದರು’ ಎಂದು ಅವರು ಬರೆಯುತ್ತಾರಂತೆ. ಯಾವ ನಾವಿಕನೂ ಲಂಗರನ್ನು ಎಸೆಯುವುದಿಲ್ಲ, ಸಿದ್ಧವಾಗಿ ತೂಗುತ್ತಿರುವುದನ್ನು ಕೆಳಗೆ ಬಿಡುತ್ತಾನೆ. ಇಷ್ಟು ಸಣ್ಣ ಕ್ರಿಯಾಪದಕ್ಕೆ ಅವನು ಸಿಟ್ಟಾಗುವುದೇಕೆ? ಕಸುಬಿನ ಮಾತು ಪೀಳಿಗೆಗಳ ಬೆವರಿನಿಂದ ಹದಗೊಂಡದ್ದು, ಅದನ್ನು ಹಗುರವಾಗಿ ಬಳಸುವುದು ಭಾಷೆಯ ನಿಖರತೆಗೆ ಬಗೆಯುವ ದ್ರೋಹ ಎಂದು ಅವನು ನಂಬಿದ್ದ. ಪರಭಾಷಿಕನೊಬ್ಬ ಇಂಗ್ಲಿಷಿನ ಪರವಾಗಿ ತೋರಿದ ಈ ಕಳಕಳಿಯ ಹತ್ತರಲ್ಲೊಂದು ಪಾಲನ್ನು ನಾವು ನಮ್ಮ ನುಡಿಯ ಪರವಾಗಿ ತೋರಿದ್ದೇವೆಯೇ?

ಕನ್ನಡಕ್ಕೆ ನೀರಿನ ಕಸುಬು ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ತುಂಗಭದ್ರೆಯಲ್ಲಿ ದೋಣಿ ನಡೆಸಿದವನು. ಹಾವೇರಿ ಜಿಲ್ಲೆಯ ಚೌಡದಾನಪುರ ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಅವನ ಮಾತಿನ ಖಾರಕ್ಕೂ ಅವನ ತೋಳಿನ ಕೆಲಸಕ್ಕೂ ಸಂಬಂಧವಿದೆ. ಈಜಿಪ್ಟಿನಲ್ಲಿ ಸಿಕ್ಕ ಎರಡನೆಯ ಶತಮಾನದ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೆಂದು 1904ರಲ್ಲಿ ಹುಲ್ಷ್ ಎಂಬ ವಿದ್ವಾಂಸ ಸೂಚಿಸಿದ್ದನ್ನು ನಾವು ರಾಜ್ಯೋತ್ಸವದ ವೇದಿಕೆಗಳಲ್ಲಿ ತಪ್ಪದೆ ನೆನೆಯುತ್ತೇವೆ. ಅವು ಕನ್ನಡವೇ ಎಂಬುದು ಇನ್ನೂ ಚರ್ಚೆಯ ವಿಷಯ. ಆದರೆ ಆ ಕತೆ ನಡೆಯುವುದೇ ನಮ್ಮ ಕಡೆಯ ಕರಾವಳಿಯಲ್ಲಿ, ಹಡಗಿನಲ್ಲಿ ಬಂದವರ ನಡುವೆ ಎಂಬುದನ್ನು ಯಾವ ಭಾಷಣಕಾರನೂ ಗಮನಿಸುವುದಿಲ್ಲ. ಬಸರೂರು, ಬಾರಕೂರು, ಹೊನ್ನಾವರ, ಭಟ್ಕಳ, ಮಿರ್ಜಾನ: ಇವು ಹಾಯಿಯ ಕಾಲದ ಬಂದರುಗಳು. ಪಾತಿ, ಮಚ್ವೆ, ಮಂಜಿ, ಪಡಾವು ಎಂದು ದೋಣಿಯ ಬಗೆಗೊಂದು ಹೆಸರಿದ್ದ ಸೀಮೆ ಅದು. ಇಂಜಿನ್ ಬಂದ ಮೇಲೆ ಹಾಯಿ ಮಡಚಿತು. ಹಾಯಿಯೊಡನೆ ಅದರ ಹಗ್ಗಗಳ, ಗಂಟುಗಳ, ಗಾಳಿಯ ಬಗೆಗಳ ಹೆಸರುಗಳೂ ಮಡಚಿಹೋದವು. ಮಂಗಳೂರಿನ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳು ಇಂದು ಡೀಸೆಲ್ಲಿನಿಂದ ಓಡುತ್ತವೆ. ಇಂಜಿನ್ ಬೇಡವೆಂದು ನಾನು ಹೇಳುತ್ತಿಲ್ಲ. ಬದುಕಿಗಾಗಿ ಕಡಲಿಗಿಳಿಯುವವರಿಗೆ ಇಂಜಿನ್ ಬೇಕೇ ಬೇಕು. ಆದರೆ ಖಾರ್ವಿ, ಮೊಗವೀರ, ಹರಿಕಾಂತ ಸಮುದಾಯಗಳ ಹಿರಿಯರ ನಾಲಗೆಯ ಮೇಲೆ ಉಳಿದಿರುವ ಆ ಮಾತುಗಳನ್ನು ಕೇಳಿ ಬರೆದಿಟ್ಟುಕೊಳ್ಳಲು ಇಂಜಿನ್ ಅಡ್ಡಿಬಂದಿರಲಿಲ್ಲ. ಅಡ್ಡಿಬಂದದ್ದು ನಮ್ಮ ಸಾಹಿತ್ಯದ ಕಲ್ಪನೆ.

ಆ ಕಲ್ಪನೆ ಎಷ್ಟು ಒಳನಾಡಿನದೆಂಬುದಕ್ಕೆ ಗಾದೆಯೊಂದೇ ಸಾಕು. ಗಾಳಿ ಬಂದಾಗ ತೂರಿಕೋ ಎನ್ನುತ್ತೇವೆ. ಅದು ಕಣದ ವಿವೇಕ, ಬಹಳ ಒಳ್ಳೆಯ ವಿವೇಕ. ಆದರೆ ಎದುರುಗಾಳಿಯಲ್ಲಿ ಹಾಯಿದೋಣಿ ಮುಂದೆ ಸಾಗಬಲ್ಲದು ಎಂಬುದೇ ನಮ್ಮ ವಿದ್ಯಾವಂತರಲ್ಲಿ ಅನೇಕರಿಗೆ ಗೊತ್ತಿಲ್ಲ. ಗಾಳಿಯ ನೇರ ಎದುರಿಗೆ ಯಾವ ಹಾಯಿಯೂ ಹೋಗದು, ನಿಜ. ಆದರೆ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುತ್ತ ಗಾಳಿಯ ಮೂಲದ ಕಡೆಗೇ ಹೋಗಬಹುದು. ಉಬ್ಬಿದ ಹಾಯಿಯ ಎರಡು ಬದಿಗಳ ಒತ್ತಡದ ವ್ಯತ್ಯಾಸ ದೋಣಿಯನ್ನು ಎಳೆಯುತ್ತದೆ. ನೀರಿನೊಳಗಿನ ಹಲಗೆ ಅದು ಅಡ್ಡಕ್ಕೆ ಜಾರದಂತೆ ತಡೆಯುತ್ತದೆ. ಎರಡೂ ಕೂಡಿ ಮುನ್ನಡೆಯಾಗುತ್ತದೆ. ದಯವಿಟ್ಟು ಇದನ್ನೂ ಹೊರನಾಡ ಕನ್ನಡಿಗರ ಬಾಳಿನ ರೂಪಕ ಮಾಡಬೇಡಿ. ಇದು ಭೌತಶಾಸ್ತ್ರ. ಅದನ್ನು ಕನ್ನಡದಲ್ಲಿ ಹೇಳಬಹುದೆಂಬುದಷ್ಟೇ ನನ್ನ ವಾದ. ಈಗಷ್ಟೇ ಹೇಳಿದ್ದೇನೆ ಕೂಡ.

2025ರ ಮೇ 21ರಂದು ನಮ್ಮದೇ ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹೊಲಿದ ಹಡಗನ್ನು ನೌಕಾಪಡೆಗೆ ಸೇರಿಸಲಾಯಿತು. ಅಜಂತೆಯ ಐದನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ಕಟ್ಟಿದವರು ಬಾಬು ಶಂಕರನ್ ಅವರ ಮುಂದಾಳ್ತನದ ಕೇರಳದ ಕುಶಲಕರ್ಮಿಗಳು, ಕಟ್ಟಿದ್ದು ಗೋವೆಯಲ್ಲಿ. ಅದರ ಹಾಯಿಯ ಮೇಲೆ ಗಂಡಭೇರುಂಡ ಇದೆ. ಆ ಚಿತ್ರವನ್ನು ನಮ್ಮ ಬಳಗದವರು ಎಷ್ಟು ಹೆಮ್ಮೆಯಿಂದ ಹಂಚಿಕೊಂಡರೆಂಬುದನ್ನು ನೋಡಿದ್ದೇನೆ. ಹಾಯಿಯ ಮೇಲಿನ ಲಾಂಛನ ನಮ್ಮದೆಂದು ಸಂಭ್ರಮಿಸಿದೆವು. ಹಾಯಿಯನ್ನು ಕಟ್ಟಿದ ಹಗ್ಗಕ್ಕೆ, ಹಲಗೆಯ ಹೊಲಿಗೆಗೆ, ಸಂದಿಗೆ ತುಂಬಿದ ನಾರಿಗೆ ನಮ್ಮ ಕರಾವಳಿಯಲ್ಲಿ ಏನೆನ್ನುತ್ತಿದ್ದರು ಎಂದು ಒಬ್ಬರೂ ಕೇಳಲಿಲ್ಲ. ಲಾಂಛನ ನಮ್ಮದು, ಕೆಲಸ ಬೇರೆಯವರದು ಎಂಬ ಈ ಸ್ಥಿತಿಯೇ ನನ್ನ ತಕರಾರಿನ ತಿರುಳು.

ಹೊರನಾಡಿನಲ್ಲಿ ಇದು ಇನ್ನೂ ಅಪಾಯಕಾರಿ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಕಟ್ಟಿದ, ನೃಪತುಂಗ ಶಾಲೆ ನಡೆಸಿದ ತಲೆಮಾರಿಗೆ ಕನ್ನಡ ಲೆಕ್ಕಪತ್ರದ, ಜಗಳದ, ಪಾಠದ ಭಾಷೆಯಾಗಿತ್ತು. ನಮಗೆ ಅದು ನವೆಂಬರಿನ ಭಾಷೆಯಾಗುತ್ತಿದೆ. ಕಚೇರಿಯಲ್ಲಿ ಇಂಗ್ಲಿಷ್ ಮತ್ತು ಹಿಂದಿ, ಬೀದಿಯಲ್ಲಿ ತೆಲುಗು, ಆಟದ ಬಯಲಿನಲ್ಲಿ ಮತ್ತೆ ಇಂಗ್ಲಿಷ್. ಕನ್ನಡಕ್ಕೆ ಉಳಿದದ್ದು ಭಾವಗೀತೆ ಮತ್ತು ಬಿಸಿಬೇಳೆಬಾತು. ಭಾವಕ್ಕೆ ಮಾತ್ರ ಬಳಸುವ ಭಾಷೆ ನಮ್ಮ ದೋಣಿಯ ಪ್ಲೈವುಡ್ಡಿನಂತೆ: ಮೇಲಿನ ವಾರ್ನಿಷ್ ಹೊಳೆಯುತ್ತಿರುತ್ತದೆ, ಬೆರಳಿನಿಂದ ತಟ್ಟಿದರೆ ಸದ್ದು ಮಂದ. (ರೂಪಕವನ್ನು ಬಳಸಿದೆ, ಹೌದು. ಮರವನ್ನು ತಟ್ಟಿ ನೋಡಿದವನಿಗೆ ಅಷ್ಟು ಹಕ್ಕಿದೆ.)

ನಾವು ನಾಲ್ವರು ದೋಣಿಯ ಮೇಲೆ ಆಡುವ ಭಾಷೆ ಕಲಬೆರಕೆ. ಹಾಯಿ ಬಿಗಿ ಮಾಡು, ಸಡಿಲಿಸು, ತಲೆ ತಗ್ಗಿಸು, ತಿರುಗಿಸುತ್ತಿದ್ದೇನೆ: ಈ ನಾಲ್ಕು ಸೂಚನೆಗಳನ್ನು ನಾನು ಕನ್ನಡದಲ್ಲಿಯೇ ಕೂಗುತ್ತೇನೆ. ಮೂವರೂ ಕಲಿತಿದ್ದಾರೆ, ಕಲಿಯದಿದ್ದರೆ ಹಾಯಿಯ ಅಡ್ಡದಂಡ ಹಣೆಗೆ ಬಡಿಯುತ್ತದೆ! ಯಾವ ಕನ್ನಡ ಕಲಿಕೆಯ ಶಿಬಿರವೂ ಇಷ್ಟು ಬೇಗ ಫಲ ಕೊಟ್ಟದ್ದನ್ನು ನಾನು ಕಂಡಿಲ್ಲ. ಸೆಂಟರ್‌ಬೋರ್ಡು, ಎಪಾಕ್ಸಿ, ಶಾಕಲ್ ಇವನ್ನು ಹಾಗೆಯೇ ಅನ್ನುತ್ತೇವೆ, ಅದಕ್ಕೆ ನಾಚಿಕೆಯಿಲ್ಲ. ಪೋರ್ಚುಗೀಸರಿಂದ ಮೇಜನ್ನೂ ಪಾರಸಿಯಿಂದ ಲಂಗರನ್ನೂ ಪಡೆದ ಭಾಷೆಗೆ ಒಂದು ಶಾಕಲ್ ಭಾರವಲ್ಲ. ಕಸುಬಿನ ಮಾತಿಗೆ ಬೇಕಾದದ್ದು ಶುದ್ಧಿಯಲ್ಲ, ಬಳಕೆ.

ಆದ್ದರಿಂದ ಬಳಗದ ಮುಂದೆ ನನ್ನ ಬೇಡಿಕೆ ಸರಳವಾದದ್ದು. ಎಲ್ಲರೂ ದೋಣಿ ಕೊಳ್ಳಿ ಎನ್ನುತ್ತಿಲ್ಲ. ನಿಮ್ಮಲ್ಲಿ ಹೊಲಿಗೆ ಬಲ್ಲವರಿದ್ದೀರಿ, ಸರ್ವೆ ಇಲಾಖೆಯಲ್ಲಿ ನೆಲ ಅಳೆದವರಿದ್ದೀರಿ, ವೀಣೆಗೆ ಮೇಳ ಕಟ್ಟುವವರಿದ್ದೀರಿ, ಹಳೆಯ ಸ್ಕೂಟರನ್ನು ಬಿಚ್ಚಿ ಜೋಡಿಸುವವರಿದ್ದೀರಿ. ನಮ್ಮ ಬ್ಲಾಗಿನಲ್ಲಿ ಮುಂದಿನ ಒಂದು ವರ್ಷ ತಿಂಗಳಿಗೊಂದಾದರೂ ಕೈಕೆಲಸದ ಬರಹ ಬರಲಿ: ಹೇಗೆ ಮಾಡುವುದು, ಎಲ್ಲಿ ಕೆಡುತ್ತದೆ, ಹೇಗೆ ಸರಿಪಡಿಸುವುದು. ಕರಾವಳಿಯ ಮೂಲದವರು ಊರಿಗೆ ಹೋದಾಗ ಹಾಯಿಯ ಕಾಲ ಕಂಡ ಒಬ್ಬ ಹಿರಿಯರನ್ನಾದರೂ ಕೂರಿಸಿಕೊಂಡು ಮಾತನಾಡಿಸಿ, ಅವರ ಮಾತುಗಳನ್ನು ಮೊಬೈಲಿನಲ್ಲಿ ದಾಖಲಿಸಿಕೊಂಡು ಬನ್ನಿ. ಅವರು ತೀರಿಕೊಂಡ ಮೇಲೆ ಶ್ರದ್ಧಾಂಜಲಿ ಬರೆಯಲು ನಮ್ಮಲ್ಲಿ ಕವಿಗಳ ಕೊರತೆಯಿಲ್ಲ. ಇರುವಾಗ ಕೇಳುವವರ ಕೊರತೆಯಿದೆ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯ ದೋಣಿಗಳು ದಡ ಕಚ್ಚಿ ನಿಲ್ಲುವ ಆ ದಿನಗಳಲ್ಲಿಯೇ ಹುಸೇನ್ ಸಾಗರದಲ್ಲಿ ಹಾಯಿ ಬಿಚ್ಚುವ ಕಾಲ. ಘಟ್ಟ ಹತ್ತಿ, ಕಲಬುರಗಿ ಬೀದರುಗಳನ್ನು ದಾಟಿ ಬರುವ ಮುಂಗಾರಿನ ಗಾಳಿಯೇ ಇಲ್ಲಿಯ ನಮ್ಮ ಬಂಡವಾಳ. ಗಾಳಿಯಂತೂ ಪ್ರತಿವರ್ಷ ತಪ್ಪದೆ ಬರುತ್ತದೆ. ಅದರ ಬಗೆಗಳಿಗೆ ಕರಾವಳಿಯಲ್ಲಿದ್ದ ಹೆಸರುಗಳನ್ನೂ ಇಲ್ಲಿಗೆ ತರುವ ಕೆಲಸ ನಮ್ಮ ಪಾಲಿನದು.