ಕೂದಲೆಳೆ ಬರೆಯುವ ದಿನಚರಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅನುಭವಸ್ಥರ ಕೈಯೇ ಮೊದಲ ಉಪಕರಣ. ಚೀಲದಿಂದ ನಾಲ್ಕು ಕಾಯಿ ಎತ್ತಿ ಕಿವಿಯ ಬಳಿ ಅಲುಗಿಸುತ್ತಾರೆ. ಒಳಗಿನ ಬೀಜ ಗಲಗಲ ಎಂದರೆ ಒಣಗಿದೆ ಎಂದರ್ಥ. ಮುಷ್ಟಿಯಲ್ಲಿ ಹಿಡಿದಾಗ ಮೆತ್ತಗೆ ಮಡಚಿಕೊಂಡರೆ ಇನ್ನೂ ತೇವ ಉಳಿದಿದೆ. ಪುಡಿಪುಡಿಯಾದರೆ ಒಣಗಿದ್ದು ಹೆಚ್ಚಾಯಿತು, ತೂಕವೂ ಹೋಯಿತು. ಈ ಪರೀಕ್ಷೆ ಸುಳ್ಳಲ್ಲ. ಆದರೆ ಕೈ ಹೇಳುವುದು ಆ ಗಳಿಗೆಯ ಸಂಗತಿಯನ್ನು ಮಾತ್ರ. ಕಳೆದ ಮಂಗಳವಾರ ರಾತ್ರಿ ಗೋದಾಮಿನಲ್ಲಿ ಏನಾಯಿತು ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ಆ ಉತ್ತರವನ್ನು ಕಾಗದದ ಮೇಲೆ ಬರೆದಿಡುವ ಯಂತ್ರವೊಂದಿದೆ. ಅದರ ಹೆಸರು ಥರ್ಮೋ-ಹೈಗ್ರೋಗ್ರಾಫ್. ಹವೆಯ ಉಷ್ಣತೆ ಮತ್ತು ಆರ್ದ್ರತೆ ಎರಡನ್ನೂ ಹಗಲಿರುಳು ಗೆರೆ ಎಳೆದು ತೋರಿಸುವುದು ಇದರ ಕೆಲಸ. ನೋಡಲು ಗಾಜಿನ ಕಿಟಕಿಯುಳ್ಳ ಸಣ್ಣ ಪೆಟ್ಟಿಗೆ. ಒಳಗೆ ಒಂದು ಉರುಳೆ, ಎರಡು ಲೇಖನಿ. ವಿದ್ಯುತ್ ಬೇಕಿಲ್ಲ. ಬೇಕಾದದ್ದು ವಾರಕ್ಕೊಮ್ಮೆ ಶ್ರದ್ಧೆಯಿಂದ ಹತ್ತು ನಿಮಿಷ ಕೊಡುವ ಒಬ್ಬ ಮನುಷ್ಯ.

ಹವೆಯ ಲೆಕ್ಕ

ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಉಪ್ಪು ನೀರೊಡೆಯುತ್ತದೆ, ಚುರುಮುರಿ ಹಲ್ಲಿಗೆ ಅಂಟುತ್ತದೆ, ಮರದ ಬಾಗಿಲು ಚೌಕಟ್ಟಿಗೆ ಬಿಗಿಯುತ್ತದೆ. ಇವೆಲ್ಲ ಹವೆಯಲ್ಲಿನ ನೀರಾವಿಯ ಆಟ. ಆದರೆ ಎಷ್ಟು ನೀರಾವಿ ಇದೆ ಎಂಬುದಷ್ಟೇ ಮುಖ್ಯವಲ್ಲ. ಆ ಉಷ್ಣತೆಯಲ್ಲಿ ಎಷ್ಟು ಇರಲು ಸಾಧ್ಯ ಎಂಬುದೂ ಮುಖ್ಯ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಹವೆಯಲ್ಲಿ ಸುಮಾರು 30 ಗ್ರಾಂ ನೀರಾವಿ ಇರಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಮಧ್ಯಾಹ್ನ 30 ಡಿಗ್ರಿಯಲ್ಲಿ 17 ಗ್ರಾಂ ಇದ್ದರೆ ಸಾಪೇಕ್ಷ ಆರ್ದ್ರತೆ ಶೇಕಡಾ 57ರಷ್ಟು. ಅದೇ ಹವೆ ರಾತ್ರಿ 20 ಡಿಗ್ರಿಗೆ ತಣಿದರೆ ಆರ್ದ್ರತೆ ಶೇಕಡಾ 100ರ ಹತ್ತಿರ! ಒಂದು ಹನಿ ನೀರೂ ಹೊರಗಿನಿಂದ ಬಂದಿಲ್ಲ, ಆದರೂ ಕಣದಲ್ಲಿ ಹರವಿದ ಕಾಯಿಯ ಮೇಲೆ ಇಬ್ಬನಿ ಕೂರುತ್ತದೆ. ಉಷ್ಣತೆ ಬಿಟ್ಟು ಆರ್ದ್ರತೆಯನ್ನು ಮಾತ್ರ ಹೇಳಿದರೆ ಕಥೆ ಅರ್ಧವೇ. ಒಂದೇ ಕಾಗದದ ಮೇಲೆ ಎರಡು ಗೆರೆ ಇರುವುದು ಇದಕ್ಕಾಗಿಯೇ.

ಕೂದಲಿನ ಕೆಲಸ

ಉಷ್ಣತೆಯ ಲೇಖನಿಯನ್ನು ಆಡಿಸುವುದು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ. ಬಿಸಿಯಾದಾಗ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆದ್ದರಿಂದ ಪಟ್ಟಿ ಬಾಗುತ್ತದೆ.

ಆರ್ದ್ರತೆಯ ಲೇಖನಿಯನ್ನು ಆಡಿಸುವುದು ಮನುಷ್ಯನ ಕೂದಲು. ನಗುವ ಮಾತಲ್ಲ. ಜಿಡ್ಡು ತೆಗೆದ ಕೂದಲು ತೇವದಲ್ಲಿ ಉದ್ದವಾಗುತ್ತದೆ, ಒಣ ಹವೆಯಲ್ಲಿ ಗಿಡ್ಡವಾಗುತ್ತದೆ. ಸ್ವಿಟ್ಜರ್‌ಲೆಂಡಿನ ವಿಜ್ಞಾನಿ ಸೊಸ್ಯೂರ್ ಈ ಗುಣವನ್ನು ಬಳಸಿ ಆರ್ದ್ರತೆ ಅಳೆಯುವ ಬಗೆಯನ್ನು 1783ರ ತನ್ನ ಗ್ರಂಥದಲ್ಲಿ ವಿವರಿಸಿದ. ಪೂರ್ತಿ ಒಣ ಹವೆಯಿಂದ ಪೂರ್ತಿ ತೇವದ ಹವೆಗೆ ಹೋದಾಗ ಕೂದಲು ಹಿಗ್ಗುವುದು ಶೇಕಡಾ 2ರಿಂದ 2.5ರಷ್ಟು. ಅಂದರೆ 20 ಸೆಂಟಿಮೀಟರ್ ಕೂದಲಿನಲ್ಲಿ 4–5 ಮಿಲಿಮೀಟರ್. ಈ ಅಲ್ಪ ಚಲನೆಯನ್ನು ಸನ್ನೆಕೋಲುಗಳು ದೊಡ್ಡದು ಮಾಡಿ ಲೇಖನಿಗೆ ಮುಟ್ಟಿಸುತ್ತವೆ. ಉರುಳೆಯೊಳಗೆ ಕೀಲಿ ಕೊಡುವ ಗಡಿಯಾರವಿದ್ದು, ದಿನಕ್ಕೆ ಅಥವಾ ವಾರಕ್ಕೆ ಒಂದು ಸುತ್ತು ತಿರುಗಿಸುತ್ತದೆ. ಲೇಖನಿಯ ತೋಳು ಒಂದು ಕೀಲಿನ ಸುತ್ತ ಏರಿಳಿಯುವುದರಿಂದ ನಕ್ಷೆಯ ಗಂಟೆಗೆರೆಗಳು ನೇರವಾಗಿರದೆ ಬಿಲ್ಲಿನಂತೆ ಬಾಗಿರುತ್ತವೆ.

ಸೋಮವಾರದ ಶಿಸ್ತು

ವಾರದ ನಕ್ಷೆಯನ್ನು ಬದಲಿಸಲು ಹಲವೆಡೆ ಸೋಮವಾರ ಬೆಳಗಿನ ಹೊತ್ತನ್ನು ಗೊತ್ತುಮಾಡಿಕೊಂಡಿರುತ್ತಾರೆ. ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು.

ಮೊದಲು ಲೇಖನಿಯನ್ನು ಮೆಲ್ಲಗೆ ಒಂದಿಷ್ಟು ಅಲುಗಿಸಿ ಸಣ್ಣ ಗುರುತು ಮಾಡಬೇಕು. ಆಗಿನ ಸಮಯವನ್ನು ಕೈಗಡಿಯಾರ ನೋಡಿ ಬರೆದುಕೊಳ್ಳಬೇಕು. ಗಡಿಯಾರ ವಾರದಲ್ಲಿ ಎಷ್ಟು ಹಿಂದೆ ಬಿತ್ತು, ಎಷ್ಟು ಮುಂದೆ ಓಡಿತು ಎಂಬುದನ್ನು ಆಮೇಲೆ ಲೆಕ್ಕಹಾಕಲು ಈ ಗುರುತೇ ಆಧಾರ. ನಂತರ ಲೇಖನಿಗಳನ್ನು ಕಾಗದದಿಂದ ದೂರ ಸರಿಸಿ ಉರುಳೆಯನ್ನು ಹೊರತೆಗೆದು, ಹಳೆಯ ನಕ್ಷೆ ಬಿಚ್ಚಿ, ಗಡಿಯಾರಕ್ಕೆ ಕೀಲಿ ಕೊಡಬೇಕು.

ಹೊಸ ನಕ್ಷೆಯ ಮೇಲೆ ಸ್ಥಳ, ದಿನಾಂಕ, ಸಮಯವನ್ನು ಮೊದಲೇ ಬರೆಯುವುದು ಒಳ್ಳೆಯದು. ಆಮೇಲೆ ಬರೆದರಾಯಿತು ಎಂದು ಬಿಟ್ಟ ನಕ್ಷೆಗಳು ಯಾವ ವಾರದವು ಎಂದು ಯಾರಿಗೂ ತಿಳಿಯದೆ ಕಪಾಟಿನಲ್ಲಿ ಉಳಿಯುತ್ತವೆ. ಕಾಗದದ ಕೆಳ ಅಂಚು ಉರುಳೆಯ ಅಂಚಿಗೆ ಸರಿಯಾಗಿ ಕೂರಬೇಕು. ಒಂದು ಕಡೆ ಎರಡು ಮಿಲಿಮೀಟರ್ ಎದ್ದಿದ್ದರೂ ಹವೆಯಲ್ಲಿ ಇಲ್ಲದ ಏರುಪೇರು ಕಾಗದದಲ್ಲಿ ಕಾಣುತ್ತದೆ.

ಮಸಿ ಬೇಗ ಒಣಗದಂತೆ ಅದರಲ್ಲಿ ಗ್ಲಿಸರಿನ್ ಬೆರೆತಿರುತ್ತದೆ. ಒಂದು ಹನಿ ಸಾಕು. ಹೆಚ್ಚಾದರೆ ಗೆರೆ ದಪ್ಪವಾಗಿ ಹರಡುತ್ತದೆ. ಲೇಖನಿ ಕಾಗದವನ್ನು ತಾಕಿಯೂ ತಾಕದಂತಿರಬೇಕು. ಒತ್ತಿದರೆ ಕೂದಲಿನ ಸಣ್ಣ ಬಲಕ್ಕೆ ಅದನ್ನು ಎಳೆಯಲು ಆಗದೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೊನೆಗೆ ಉರುಳೆಯನ್ನು ಅದು ತಿರುಗುವ ದಿಕ್ಕಿಗೆ ಎದುರಾಗಿ ನಿಧಾನ ಸರಿಸುತ್ತ ಸರಿಯಾದ ಗಂಟೆಗೆ ತಂದು ನಿಲ್ಲಿಸಬೇಕು. ಹೀಗೆ ಮಾಡಿದರೆ ಹಲ್ಲುಚಕ್ರಗಳ ನಡುವಿನ ಸಡಿಲ ಹೋಗಿ ಉರುಳೆ ತಕ್ಷಣ ಹೊರಡುತ್ತದೆ. ಇಲ್ಲದಿದ್ದರೆ ಸಡಿಲ ತುಂಬುವವರೆಗೆ ಅದು ನಿಂತಲ್ಲೇ ನಿಂತಿರುತ್ತದೆ.

ಕೂದಲಿಗೆ ಬೆರಳು ತಾಗಿಸಬಾರದು, ಬೆರಳಿನ ಜಿಡ್ಡು ಅದರ ಗುಣವನ್ನು ಕೆಡಿಸುತ್ತದೆ. ದೂಳು ಕೂತಿದ್ದರೆ ಮೃದು ಕುಂಚವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ಸವರಬೇಕು. ಬೇಸಿಗೆಯ ಒಣ ಹವೆಯಲ್ಲಿ ಬಹಳ ದಿನ ಇದ್ದ ಕೂದಲು ತಪ್ಪು ಹೇಳತೊಡಗುತ್ತದೆ. ಆಗ ಯಂತ್ರದ ಮೇಲೆ ಒದ್ದೆ ಬಟ್ಟೆ ಹೊದಿಸಿ ಕೆಲವು ಗಂಟೆ ಬಿಟ್ಟರೆ ಅದು ಚೇತರಿಸಿಕೊಳ್ಳುತ್ತದೆ. ಆಗ ಲೇಖನಿ ಶೇಕಡಾ 95ರ ಆಸುಪಾಸಿಗೆ ಬರಬೇಕು.

ಗೆರೆಯನ್ನು ಓದುವುದು

ಸಾಮಾನ್ಯ ದಿನಗಳಲ್ಲಿ ಎರಡು ಗೆರೆಗಳೂ ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. ಹಗಲು ಉಷ್ಣತೆ ಏರಿದಾಗ ಆರ್ದ್ರತೆ ಇಳಿಯುತ್ತದೆ. ಬೆಳಗಿನ ಜಾವ ಉಷ್ಣತೆ ತಳ ಮುಟ್ಟಿದಾಗ ಆರ್ದ್ರತೆ ತುದಿ ಮುಟ್ಟುತ್ತದೆ. ಶೀತಲಗೃಹದ ನಕ್ಷೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮತಟ್ಟಾಗಿರಬೇಕು. ಉಷ್ಣತೆಯ ಗೆರೆಯಲ್ಲಿ ಮುಳ್ಳಿನಂಥ ಏರಿಕೆ ಕಂಡರೆ ಬಾಗಿಲು ತೆರೆದಿತ್ತು ಎಂದು ಊಹಿಸಬಹುದು. ಗಂಟೆಗಟ್ಟಲೆ ನಿಧಾನ ಏರಿದ್ದರೆ ಕರೆಂಟು ಹೋಗಿತ್ತೇ, ಯಂತ್ರ ನಿಂತಿತ್ತೇ ಎಂದು ವಿಚಾರಿಸಬೇಕು. ಗೆರೆ ಕೂದಲೆಳೆಯಷ್ಟೂ ಅಲ್ಲಾಡದೆ ನೇರವಾಗಿದ್ದರೆ ಸಂತೋಷಪಡುವ ಮೊದಲು ಲೇಖನಿ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು! ಚಳಿಯಲ್ಲಿ ಕೂದಲು ನಿಧಾನವಾಗಿ ಸ್ಪಂದಿಸುತ್ತದೆ ಎಂಬುದನ್ನೂ ಮರೆಯಬಾರದು.

ಇಲ್ಲಿಯೇ ಈ ಕೆಲಸದ ನಿಜವಾದ ಪರೀಕ್ಷೆ. ಉಷ್ಣತೆ ಏರಿದ ಗೆರೆ ಮೇಲಿನವರ ಕಣ್ಣಿಗೆ ಬೀಳದಿರಲಿ ಎಂದು ಲೇಖನಿಯನ್ನು ತಿರುಪಿನಿಂದ ಕೆಳಗಿಳಿಸುವುದು ಸುಲಭ. ಮಸಿ ಮುಗಿದು ಖಾಲಿ ಉಳಿದ ಜಾಗವನ್ನು ಕೈಯಿಂದ ಎಳೆದು ತುಂಬುವುದೂ ಸುಲಭ. ಎರಡೂ ಸುಳ್ಳು ಲೆಕ್ಕವೇ. ಖಾಲಿ ಜಾಗ ಖಾಲಿಯಾಗಿಯೇ ಇರಬೇಕು. ಪಕ್ಕದಲ್ಲಿ ಕಾರಣ ಬರೆಯಬೇಕು. ಒಣ ಮತ್ತು ಒದ್ದೆ ಥರ್ಮಾಮೀಟರುಗಳ ಜೊತೆ ಹೋಲಿಸಿದಾಗ ಯಂತ್ರ ಶೇಕಡಾ 5 ಹೆಚ್ಚು ತೋರುತ್ತಿದ್ದರೆ ಆ ವ್ಯತ್ಯಾಸವನ್ನು ನಕ್ಷೆಯ ಮೇಲೆ ನಮೂದಿಸಬೇಕು. ಎಳೆದ ಗೆರೆಯನ್ನು ತಿದ್ದಬಾರದು.

ಯಾರ ಬದುಕು ಇದರ ಮೇಲಿದೆ

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದು ಕೇಳಬಹುದು. ಹೆದ್ದಾರಿ ಮತ್ತು ರೈಲು ಹಳಿಯ ಗುಂಟ ಸಾಲಾಗಿರುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನೇ ನೋಡಿ. 2011ರಲ್ಲಿ ಜಿ.ಐ. ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬೆಲೆ ಇರುವುದು ಖಾರದಲ್ಲಿ ಅಲ್ಲ, ಕಡುಗೆಂಪು ಬಣ್ಣದಲ್ಲಿ. ಬಿಸಿ, ಬೆಳಕು, ಗಾಳಿ ತಾಕಿದಷ್ಟೂ ಆ ಬಣ್ಣ ಮಾಸುತ್ತದೆ. ತೇವ ಹೆಚ್ಚಿದರೆ ಬೂಸ್ಟು ಹಿಡಿಯುತ್ತದೆ. ಕೆಲವು ಬಗೆಯ ಬೂಸ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಆದ್ದರಿಂದಲೇ ಬ್ಯಾಡಗಿಯಲ್ಲಿ ಶೀತಲಗೃಹಗಳು ಎದ್ದಿವೆ. ಅಲ್ಲಿಂದ ಹೊರತಂದ ತಣ್ಣನೆಯ ಚೀಲವನ್ನು ಮಳೆಗಾಲದ ಹವೆಯಲ್ಲಿ ಒಮ್ಮೆಲೆ ಬಿಚ್ಚಿದರೆ ಕಾಯಿಯ ಮೇಲೆ ನೀರು ಕೂರುತ್ತದೆ. ಹಾಗೆ ಆಗದಂತೆ ಎಷ್ಟು ಹೊತ್ತು ತಡೆಯಬೇಕೆಂದು ತಿಳಿಯಲು ಒಳಗಿನ, ಹೊರಗಿನ ಹವೆಯ ಲೆಕ್ಕ ಬೇಕು.

2024ರ ಮಾರ್ಚ್ 11ರಂದು ದರ ಕುಸಿತದಿಂದ ಕೆರಳಿದ ರೈತರು ಬ್ಯಾಡಗಿಯ ಎ.ಪಿ.ಎಂ.ಸಿ. ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ವರ್ಷದ ದುಡಿಮೆ ಒಂದು ದಿನದ ದರದ ಮೇಲೆ ನಿಂತಾಗ ಮನಸ್ಸು ಎಷ್ಟು ಕುದಿಯುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಒಳ್ಳೆಯ ದರಕ್ಕೆ ಕಾಯಬೇಕಾದರೆ ಮಾಲು ಕೆಡದೆ ಉಳಿಯಬೇಕು. ಶೀತಲಗೃಹದಲ್ಲಿಟ್ಟ ರೈತನಿಗೆ ತನ್ನ ಚೀಲ ಹೇಗಿತ್ತು ಎಂದು ಹೇಳಬಲ್ಲ ಸಾಕ್ಷಿ ಆ ನಕ್ಷೆ. ಅದನ್ನು ತಿದ್ದಿದವನು ಕಾಗದವನ್ನಷ್ಟೇ ತಿದ್ದುವುದಿಲ್ಲ.

ರಾಣೆಬೆನ್ನೂರಿನ ಕಡೆ ಹೈಬ್ರಿಡ್ ತರಕಾರಿ ಬೀಜ ಬೆಳೆಯುವ ಕುಟುಂಬಗಳು ಬಹಳ. ಬೀಜದ ವಿಚಾರದಲ್ಲಿ ಅಮೆರಿಕದ ಬೀಜವಿಜ್ಞಾನಿ ಹ್ಯಾರಿಂಗ್ಟನ್ ಹೇಳಿದ ಸರಳ ಸೂತ್ರವೊಂದಿದೆ: ಫ್ಯಾರನ್‌ಹೀಟ್ ಉಷ್ಣತೆ ಮತ್ತು ಶೇಕಡಾವಾರು ಆರ್ದ್ರತೆ ಎರಡನ್ನೂ ಕೂಡಿದರೆ 100 ಮೀರಬಾರದು. ಮಳೆಗಾಲದ ಮಾಮೂಲಿ ಕೋಣೆಯಲ್ಲಿ 27 ಡಿಗ್ರಿ ಸೆಲ್ಸಿಯಸ್, ಶೇಕಡಾ 75 ಆರ್ದ್ರತೆ ಇದೆಯೆನ್ನಿ. 27 ಎಂದರೆ ಸುಮಾರು 81 ಡಿಗ್ರಿ ಫ್ಯಾರನ್‌ಹೀಟ್; ಮೊತ್ತ 156. ಅಂಥ ಕೋಣೆಯಲ್ಲಿ ಬೀಜ ನೋಡಲು ಚೆನ್ನಾಗಿಯೇ ಇರುತ್ತದೆ, ಮೊಳೆಯುವ ಶಕ್ತಿ ಮಾತ್ರ ಸದ್ದಿಲ್ಲದೆ ಕುಂದುತ್ತದೆ. ಹಾವೇರಿಯ ಹೆಸರಾಂತ ಏಲಕ್ಕಿ ಹಾರಕ್ಕೂ ತೇವದ ಭಯ ತಪ್ಪಿದ್ದಲ್ಲ.

ಈಗ ಹಲವೆಡೆ ಕೂದಲಿನ ಜಾಗಕ್ಕೆ ಎಲೆಕ್ಟ್ರಾನಿಕ್ ಸಂವೇದಕ, ಕಾಗದದ ಜಾಗಕ್ಕೆ ಡೇಟಾ ಲಾಗರ್ ಬಂದಿದೆ. ಆದರೆ ಯಂತ್ರವನ್ನು ಎಲ್ಲಿಡಬೇಕು, ಯಾವುದರ ಜೊತೆ ಹೋಲಿಸಬೇಕು, ಗಡಿಯಾರ ಸರಿಯಿದೆಯೇ, ಬಿಟ್ಟುಹೋದ ಅಂಕಿಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳು ಬದಲಾಗಿಲ್ಲ.

ಮನೆಯಲ್ಲೇ ಮಾಡಿ ನೋಡಿ

ವಿದ್ಯಾರ್ಥಿಗಳು ಇದನ್ನು ಕಲಿಯಲು ದುಬಾರಿ ಯಂತ್ರಕ್ಕೆ ಕಾಯಬೇಕಿಲ್ಲ. ಒಂದೇ ಬಗೆಯ ಎರಡು ಥರ್ಮಾಮೀಟರು ಸಾಕು. ಪಾದರಸದ್ದಕ್ಕಿಂತ ಬಣ್ಣದ ಆಲ್ಕೋಹಾಲ್ ಇರುವುದು ಮನೆಗೆ ಕ್ಷೇಮ. ಒಂದರ ಬುರುಡೆಗೆ ತೆಳು ಹತ್ತಿ ಬಟ್ಟೆ ಸುತ್ತಿ, ಅದರ ತುದಿಯನ್ನು ಶುದ್ಧ ನೀರಿನಲ್ಲಿ ಇಳಿಬಿಡಿ. ನೆರಳಿನಲ್ಲಿ ತೂಗುಹಾಕಿ ಐದು ನಿಮಿಷ ಗಾಳಿ ಬೀಸಿ, ನಂತರ ಎರಡನ್ನೂ ಓದಿ. ಒಣ ಬುರುಡೆ 30, ಒದ್ದೆ ಬುರುಡೆ 24 ಡಿಗ್ರಿ ತೋರಿಸಿದರೆ ಆರ್ದ್ರತೆ ಸುಮಾರು ಶೇಕಡಾ 60. ಉಳಿದ ಲೆಕ್ಕಕ್ಕೆ ಭೌತಶಾಸ್ತ್ರ ಪುಸ್ತಕಗಳ ಕೋಷ್ಟಕ ನೋಡಿ. ಕೃಷಿ ಹವಾಮಾನ ವೀಕ್ಷಣಾಲಯಗಳಲ್ಲಿ ಬೆಳಿಗ್ಗೆ 7ಕ್ಕೂ ಮಧ್ಯಾಹ್ನ 2ಕ್ಕೂ ಓದುವ ರೂಢಿಯಿದೆ. ಮಕ್ಕಳೂ ಅದೇ ಹೊತ್ತಿಗೆ ಒಂದು ತಿಂಗಳು ಬರೆದು ಗ್ರಾಫ್ ಹಾಳೆಯಲ್ಲಿ ಎರಡು ಗೆರೆ ಎಳೆಯಲಿ.

ತಂದೆತಾಯಿಗಳು ಮಾಡಬೇಕಾದದ್ದು ಒಂದೇ. ಮಗಳೋ ಮಗನೋ ಒಂದು ದಿನ ಓದಲು ಮರೆತು ಆ ಜಾಗವನ್ನು ಖಾಲಿ ಬಿಟ್ಟಿದ್ದರೆ ಗದರಬೇಡಿ. ನಿನ್ನೆ ಮೊನ್ನೆಯ ಅಂಕಿಗಳನ್ನು ನೋಡಿ ಏನೋ ಒಂದು ತುಂಬಿಬಿಡು ಎಂದಂತೂ ಹೇಳಲೇಬೇಡಿ. ಖಾಲಿ ಬಿಟ್ಟು ‘ಈ ದಿನ ಓದಲಿಲ್ಲ’ ಎಂದು ಬರೆಯಲು ಕಲಿತ ಮಗುವಿನ ಕೈಗೆ ನಾಳೆ ಯಾವ ಗೋದಾಮಿನ ಕೀಲಿಯನ್ನಾದರೂ ಧೈರ್ಯವಾಗಿ ಕೊಡಬಹುದು.