ಹಳೆಯ ಗಣಕಯಂತ್ರವೂ ಮನೆಯ ಕೈಗೆಲಸವೂ

ವಾಚಕ ಸೋದರಿಯೊಬ್ಬರು ನಮಗೆ ಒಂದು ಕಾಗದವನ್ನು ಬರೆದಿರುತ್ತಾರೆ. 2004ನೆಯ ಇಸವಿಯಲ್ಲಿ ಕೊಂಡ ಗಣಕಯಂತ್ರವೊಂದು ಅವರ ಮನೆಯ ಅಟ್ಟದ ಮೇಲೆ ಹಳೆಯ ಪಂಚೆಯೊಂದನ್ನು ಹೊದ್ದು ಕುಳಿತಿದೆಯಂತೆ. ಗುಜರಿಯವನು ಕೊಡುವೆನೆಂದ ಹಣ ಆಟೋರಿಕ್ಷಾದ ಬಾಡಿಗೆಗೂ ಸಾಲದು. ಬಿಸುಡುವುದಕ್ಕೆ ಮನಸ್ಸು ಬಾರದು. ಈ ಮಧ್ಯೆ ಕಾಲೇಜಿಗೆ ಹೋಗುವ ಅವರ ಮಗಳು, ಯಂತ್ರವನ್ನು ಬಿಚ್ಚಿ ಒಳಗಿನ ಹಸಿರು ಹಲಗೆಯನ್ನು ಕತ್ತರಿಸಿ ಓಲೆಗಳನ್ನೂ ಬೀಗದಕೈ ಗೊಂಚಲಿನ ಬಿಲ್ಲೆಯನ್ನೂ ಮಾಡುವೆನೆಂದು ಹಟ ಹಿಡಿದಿದ್ದಾಳೆ. ಮನೆಯಲ್ಲಿ ಹತ್ತು ತಿಂಗಳ ಮೊಮ್ಮಗುವಿದೆ, ಇದು ಮಾಡತಕ್ಕ ಕೆಲಸವೋ ಅಲ್ಲವೋ ತಿಳಿಸಬೇಕು ಎಂಬುದು ಸೋದರಿಯ ಪ್ರಶ್ನೆ. ಇಂತಹ ಯಂತ್ರವಿಲ್ಲದ ಅಟ್ಟವು ಪಟ್ಟಣಗಳಲ್ಲಿ ಈಗ ವಿರಳವಾದುದರಿಂದ, ಉತ್ತರವನ್ನು ಈ ಪುಟದಲ್ಲಿಯೇ ಕೊಡುವುದು ಯುಕ್ತವೆಂದು ತೋರಿತು.

ಮೊದಲು ಮಗಳ ಪಕ್ಷದಲ್ಲಿ ಒಂದು ಮಾತು. ಹಳತನ್ನು ಬಿಚ್ಚಿ ಹೊಸತನ್ನು ಮಾಡುವುದು ನಮ್ಮ ಮನೆಗಳಿಗೆ ಪರಕೀಯವಾದ ವಿದ್ಯೆಯೇನೂ ಅಲ್ಲ. ಉತ್ತರ ಕರ್ನಾಟಕದ ಅಜ್ಜಿಯರು ಹರಿದ ಸೀರೆ ಧೋತರಗಳನ್ನು ಪದರ ಪದರವಾಗಿ ಇಟ್ಟು ಕೌದಿ ಹೊಲಿಯುವುದನ್ನು ಯಾರು ತಾನೇ ಕಂಡಿಲ್ಲ? ಆ ಕೌದಿಗೂ ಈ ಹುಡುಗಿಯ ಆಸೆಗೂ ಮೂಲಭಾವವು ಒಂದೇ. ಭೇದವಿರುವುದು ದ್ರವ್ಯದಲ್ಲಿ. ಹಳೆಯ ಸೀರೆಯಲ್ಲಿ ಏನಿದೆಯೆಂಬುದು ಹೊಲಿಯುವವಳಿಗೆ ಗೊತ್ತು; ಗಣಕಯಂತ್ರದೊಳಗೆ ಏನಿದೆಯೆಂಬುದು ಹಣ ಕೊಟ್ಟು ಕೊಂಡವರಿಗೂ ಗೊತ್ತಿರುವುದಿಲ್ಲ. ಸಂಸ್ಕೃತದಲ್ಲಿ ಗಣಕನೆಂದರೆ ಲೆಕ್ಕಿಗನೂ ಹೌದು, ಜ್ಯೋತಿಷಿಯೂ ಹೌದು. ಈ ಗಣಕನ ವಿಷಯದಲ್ಲಿ ಮಾತ್ರ ಅವನ ಜಾತಕವನ್ನು ನಾವೇ ನೋಡಿ ಆಮೇಲೆ ಕತ್ತರಿ ಹಿಡಿಯಬೇಕಾಗಿದೆ. ನಮ್ಮ ಉತ್ತರವಿದು: ಕೈಗೆಲಸ ಧಾರಾಳವಾಗಿ ಆಗಲಿ, ಹಸಿರು ಹಲಗೆಯ ಓಲೆ ಮಾತ್ರ ಬೇಡ.

ಕಾರಣವನ್ನು ಹೇಳದೆ ಬೇಡವೆಂದರೆ ಈ ಕಾಲದ ಮಕ್ಕಳು ಕೇಳುವುದಿಲ್ಲ, ಕೇಳಲೂ ಬಾರದು. ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿ ಎಂಬ ರಾಳದಲ್ಲಿ ಅದ್ದಿ, ಒತ್ತಿ, ಮೇಲೆ ತಾಮ್ರದ ತೆಳುಪದರವನ್ನು ಹಾಸಿ ಈ ಹಲಗೆಯನ್ನು ಮಾಡಿರುತ್ತಾರೆ. ಹಸಿರು ಬಣ್ಣವು ಕೇವಲ ಮೇಲಿನ ಲೇಪನ. ಬೆಂಕಿ ಹತ್ತದಿರಲೆಂದು ರಾಳದಲ್ಲಿ ಬ್ರೋಮೀನಿನ ಸಂಯುಕ್ತಗಳನ್ನು ಸೇರಿಸಿರುವುದುಂಟು. ಇವೆಲ್ಲಕ್ಕಿಂತ ಮುಖ್ಯವಾದುದು ಬೆಸುಗೆ. ಬಿಡಿಭಾಗಗಳನ್ನು ಹಲಗೆಗೆ ಹಿಡಿಸುವ ಆ ಬೆಳ್ಳಗಿನ ಚುಕ್ಕೆಗಳಲ್ಲಿ, ಹಿಂದಿನ ಪದ್ಧತಿಯಂತೆ, ನೂರಕ್ಕೆ 63 ಪಾಲು ತವರವೂ 37 ಪಾಲು ಸೀಸವೂ ಇರುತ್ತಿದ್ದುವು. ಐರೋಪ್ಯ ಒಕ್ಕೂಟವು ಇಂತಹ ಸೀಸವನ್ನು ನಿರ್ಬಂಧಿಸಿದುದು 2006ನೆಯ ಜುಲೈ 1ರಿಂದ. ನಮ್ಮ ದೇಶದಲ್ಲಿ 2011ರ ಇ-ತ್ಯಾಜ್ಯ ನಿಯಮಗಳು 2012ನೆಯ ಮೇ 1ರಂದು ಜಾರಿಗೆ ಬಂದು, ಸೀಸದ ಮಿತಿಯು ಅದಾದ ಎರಡು ವರ್ಷಗಳ ಮೇಲೆ ಅನ್ವಯವಾಯಿತು. ಸೋದರಿಯ ಯಂತ್ರವಾದರೋ 2004ರದು. ಅದರ ಬೆಸುಗೆಯಲ್ಲಿ ಸೀಸವಿದೆಯೆಂದೇ ತಿಳಿದು ನಡೆಯತಕ್ಕದ್ದು.

ಎತ್ತಿಕೊಂಡ ಕೂಸು ಮೊದಲು ಕೈ ಹಾಕುವುದು ಕಿವಿಗೆ. ಕೈಗೆ ಸಿಕ್ಕಿದುದು ಮರುಕ್ಷಣ ಬಾಯಿಗೆ. ತಾಯಂದಿರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಸೀಸವು ಬೆಳೆಯುತ್ತಿರುವ ಮಗುವಿನ ಮಿದುಳಿಗೆ ಹಾನಿಕರವಾದುದು. ಇಷ್ಟು ಪ್ರಮಾಣದವರೆಗೆ ನಿರಪಾಯವೆಂದು ಹೇಳಬಹುದಾದ ಮಿತಿಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಮೇಲೆ ವಾರ್ನಿಷ್ ಬಳಿದರಾಯಿತೆಂದು ಮಗಳು ವಾದಿಸಬಹುದು. ವಾರ್ನಿಷ್ ದಿನವೂ ಉಜ್ಜಿ ಸವೆಯುವುದು, ಸವೆದುದು ಕಣ್ಣಿಗೆ ಕಾಣದು. ಅದೂ ಅಲ್ಲದೆ ಓಲೆಯು ತಯಾರಾಗುವ ಮುಂಚೆ ಹಲಗೆಯನ್ನು ಗರಗಸದಿಂದ ಕೊಯ್ಯಬೇಕಷ್ಟೆ? ಆಗ ಏಳುವ ಗಾಜುನೂಲಿನ ಪುಡಿಯು ಕೊಯ್ಯುವವಳ ಶ್ವಾಸದೊಳಕ್ಕೂ, ಸೀಸದ ಪುಡಿಯು ಮಗು ಅಂಬೆಗಾಲಿಡುವ ನೆಲಕ್ಕೂ ಸೇರುವುವು. ಬೀಗದಕೈ ಬಿಲ್ಲೆಗೂ ಇದೇ ಮಾತು. ಹಲಗೆಯು ನೋಡುವುದಕ್ಕೆ ಸುಂದರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ವಿಮಾನದಿಂದ ಕಂಡ ಊರಿನ ಹಾಗೆ ಬೀದಿ ಮನೆಗಳಿಂದ ತುಂಬಿರುವುದು. ಅಷ್ಟು ಮೋಹವಿದ್ದರೆ ಕತ್ತರಿಸದೆ, ಇಡಿಯಾಗಿ, ಗಾಜು ಹಾಕಿಸಿದ ಚೌಕಟ್ಟಿನಲ್ಲಿಟ್ಟು ಗೋಡೆಗೆ ತೂಗುಹಾಕಲಿ.

ಹಲಗೆಯ ಅಂಚಿನಲ್ಲಿ ಹೊಳೆಯುವುದು ನಿಜವಾದ ಚಿನ್ನವೇ ಎಂದು ಕೇಳುವವರಿದ್ದಾರೆ. ಹೌದು, ನಿಜವಾದ ಚಿನ್ನವೇ, ಆದರೆ ಕೂದಲಿಗಿಂತಲೂ ಬಹು ತೆಳುವಾದ ಲೇಪ. ಜರಿ ಸೀರೆ ಹಳತಾದಾಗ ಅದನ್ನು ತೂಕಕ್ಕೆ ಕೊಂಡೊಯ್ದು, ಸುಟ್ಟು ಬೆಳ್ಳಿ ತೆಗೆಯುವವರು ಮನೆ ಬಾಗಿಲಿಗೆ ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಗಣಕಯಂತ್ರದ ಹಲಗೆಗೂ ಹಾಗೆಯೇ ಮಾಡಲು ಹೊರಟವರ ಪಾಡು ಉತ್ತರಪ್ರದೇಶದ ಮೊರಾದಾಬಾದಿನಲ್ಲಿ ಕಾಣುವಂತಹದು. ಹಿತ್ತಾಳೆ ಪಾತ್ರೆಗಳಿಗೆ ಹೆಸರಾದ ಆ ಊರಿನಲ್ಲಿ ಬಡವರು ಹಲಗೆಗಳನ್ನು ಸುಟ್ಟು, ಆಮ್ಲದಲ್ಲಿ ತೊಳೆದು ಲೋಹ ತೆಗೆಯುತ್ತ ಬಂದುದರಿಂದ ರಾಮಗಂಗಾ ನದಿಯ ದಂಡೆ ಬೂದಿಯಿಂದ ಕೆಟ್ಟಿತು. ಸಂಪತ್ತು ಅಲ್ಲಿರುವುದಂತೂ ಸತ್ಯ. 2001ನೆಯ ಫೆಬ್ರವರಿಯಲ್ಲಿ ಮುಚ್ಚಿದ ನಮ್ಮ ಕೋಲಾರದ ಗಣಿಯಲ್ಲಿ, ಕೊನೆಗಾಲದಲ್ಲಿ, ಒಂದು ಟನ್ ಅದಿರನ್ನು ಅರೆದರೆ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೆಯ ಹಲಗೆಗಳಲ್ಲಿ ಅದರ ಹತ್ತಾರು ಪಟ್ಟು ಇರುವುದುಂಟು. ಜಪಾನೀಯರು 2017ರ ಏಪ್ರಿಲಿನಿಂದ 2019ರ ಮಾರ್ಚಿಯವರೆಗೆ ಜನರಿಂದ ಹಳೆಯ ದೂರವಾಣಿ ಮೊದಲಾದ ಯಂತ್ರಗಳನ್ನು ಕೂಡಿಹಾಕಿ, 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಪಂದ್ಯಗಳ ಸುಮಾರು 5000 ಪದಕಗಳನ್ನೂ ಅವುಗಳಿಂದ ತೆಗೆದ ಲೋಹದಿಂದಲೇ ಮಾಡಿಸಿದರು. ಚಿನ್ನವೇ ಸುಮಾರು 32 ಕಿಲೋ ದೊರೆಯಿತು. ಓಲೆಯಾಗಿ ಕತ್ತರಿಸಿದ ಹಲಗೆ ಈ ದಾರಿಯಿಂದ ತಪ್ಪಿಹೋದಂತೆಯೇ ಸರಿ.

ಇನ್ನು ಯಂತ್ರವನ್ನು ಬಿಚ್ಚುವ ಮೊದಲು. ಹಳೆಯ ಗೂನು ಬೆನ್ನಿನ ಪರದೆ, ಅಂದರೆ ಗಾಜಿನ ಕೊಳವೆಯ ಮಾನಿಟರು, ಇದ್ದರೆ ಅದನ್ನು ಮುಟ್ಟಲೇ ಬಾರದು. ಒಳಗೆ ನಿರ್ವಾತ, ಗಾಜಿನಲ್ಲಿ ಕಿಲೋಗಟ್ಟಲೆ ಸೀಸ, ಬಂದ್ ಮಾಡಿದ ಮೇಲೂ ಉಳಿಯಬಹುದಾದ ವಿದ್ಯುತ್ತು. ವಿದ್ಯುತ್ತನ್ನು ಹಂಚುವ ತಗಡಿನ ಪೆಟ್ಟಿಗೆಯನ್ನೂ ಹಾಗೆಯೇ ಬಿಡತಕ್ಕದ್ದು. ಹಲಗೆಯ ಮೇಲೆ ನಾಣ್ಯದಂತಿರುವ ಬ್ಯಾಟರಿಬಿಲ್ಲೆಯನ್ನು ಮಾತ್ರ ಮೊದಲು ತೆಗೆದು, ಎರಡೂ ಮುಖಗಳಿಗೆ ಅಂಟುಪಟ್ಟಿ ಸುತ್ತಿ, ಎತ್ತರದಲ್ಲಿಡಬೇಕು. 20 ಮಿಲಿಮೀಟರ್ ಅಗಲದ ಆ ಬಿಲ್ಲೆಯು ಮಗುವಿನ ಗಂಟಲಿನಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗೇ ಅನ್ನನಾಳವನ್ನು ಸುಡಬಲ್ಲುದು. ನುಂಗಿತೆಂಬ ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡತಕ್ಕದ್ದು.

ಮಾಡಬಹುದಾದವುಗಳಲ್ಲಿ ನಮಗೆ ಅತ್ಯಂತ ಪ್ರಿಯವಾದುದು ತಂತಿಯ ಬುಟ್ಟಿ. ನಮ್ಮ ಹೆಂಗಸರು ಪ್ಲಾಸ್ಟಿಕ್ ವೈರಿನ ಚೀಲಗಳನ್ನು ಹೆಣೆದು ಸಂತೆಗೆ ಒಯ್ಯುವವರೇ ಆದುದರಿಂದ ಅರ್ಧ ವಿದ್ಯೆ ಮೊದಲೇ ಬಂದಿರುವುದು. ದಕ್ಷಿಣ ಆಫ್ರಿಕದ ಜುಲು ಜನರು ಹಿಂದೆ ಹುಲ್ಲು ತಾಳೆಗರಿಗಳಿಂದ ಇಂಬೆಂಗೆ ಎಂಬ ಮುಚ್ಚಳಬುಟ್ಟಿಯನ್ನು ಹೆಣೆಯುತ್ತಿದ್ದರು. ಕಳೆದ ಶತಮಾನದ ಉತ್ತರಾರ್ಧದಲ್ಲಿ ರಾತ್ರಿಯ ಕಾವಲುಗಾರರು ಬಿಸುಟ ದೂರವಾಣಿ ತಂತಿಯಿಂದಲೇ ಅದನ್ನು ಹೆಣೆಯತೊಡಗಿ, ಈಗ ಅದು ಪ್ರಪಂಚದ ಅಂಗಡಿಗಳಲ್ಲಿ ಬೆಲೆಬಾಳುವ ಕಲೆಯಾಗಿದೆ. ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಜಾಲದ ಕೇಬಲಿನೊಳಗೆ ಎಂಟು ತಂತಿಗಳಿವೆ: ಕಿತ್ತಳೆ, ಹಸಿರು, ನೀಲಿ, ಕಂದು, ಇವುಗಳ ಪ್ರತಿಯೊಂದರ ಜೊತೆಗೆ ಅದೇ ಬಣ್ಣದ ಗೆರೆಯುಳ್ಳ ಬಿಳಿಯ ತಂತಿಯೊಂದು ಹೊಸೆದುಕೊಂಡಿರುವುದು. ಮೇಲಿನ ದಪ್ಪ ಹೊದಿಕೆ ಪಿ.ವಿ.ಸಿ.; ಹಳೆಯ ಪಿ.ವಿ.ಸಿ.ಯಲ್ಲಿ ಸೀಸದ ಲವಣಗಳಿರುವ ಸಂಭವವುಂಟಾದುದರಿಂದ ಅದನ್ನು ಉದ್ದಕ್ಕೆ ಸೀಳಿ ಬೇರೆ ಇಡಬೇಕು, ಸುಡಲಂತೂ ಕೂಡದು. ಒಳತಂತಿಗಳ ಹೊದಿಕೆ ಸಾಮಾನ್ಯವಾಗಿ ಪಾಲಿಥೀನು. ಗೋಡೆಯೊಳಗೆ ಹಾಕುವ ಕೇಬಲಿನಲ್ಲಿ ತಂತಿಯು ಒಂಟಿ ಎಳೆಯದಾಗಿ, ಬಾಗಿಸಿದ ಹಾಗೆ ನಿಲ್ಲುವುದು. ಮೇಜಿನ ಮೇಲಿನ ತುಂಡು ಕೇಬಲುಗಳಲ್ಲಿ ಅದು ಹಲವು ಎಳೆಗಳದಾಗಿ ಸೊರಗಿಬೀಳುವುದು. ಬುಟ್ಟಿಗೆ ಮೊದಲನೆಯದೇ ಆಗಬೇಕು.

ಹೊಸೆದ ಜೋಡಿಗಳನ್ನು ಬಿಡಿಸದೆ ಕಡ್ಡಿಗಳಾಗಿಯೂ, ಬಿಡಿಸಿದ ಒಂಟಿ ತಂತಿಯನ್ನು ನೇಯ್ಗೆಗೂ ಇಟ್ಟುಕೊಳ್ಳುವುದು. ಎಂಟು ಜೋಡಿಗಳನ್ನು ನಡುವೆ ಅಡ್ಡಹಾಕಿ ಕಟ್ಟಿದರೆ ಹದಿನಾರು ಕಡ್ಡಿಗಳಾಗುವುವು; ಹದಿನೇಳನೆಯದೊಂದನ್ನು ಅವಶ್ಯವಾಗಿ ಸೇರಿಸಬೇಕು. ಕಡ್ಡಿಗಳು ಬೆಸವಾಗಿದ್ದರೆ ಮಾತ್ರ, ಒಂದರ ಮೇಲೆ ಒಂದರ ಕೆಳಗೆ ಹಾಯುವ ತಂತಿಯು ಮುಂದಿನ ಸುತ್ತಿನಲ್ಲಿ ತಾನಾಗಿಯೇ ಸ್ಥಾನ ಬದಲಿಸುವುದು. ಸಮವಾಗಿದ್ದರೆ ಪ್ರತಿಸುತ್ತೂ ಹಿಂದಿನ ಹೆಜ್ಜೆಯನ್ನೇ ತುಳಿದು ನೇಯ್ಗೆ ನಿಲ್ಲದು. (ಗಣಿತದಲ್ಲಿ ಬೆಸ ಸಮಗಳಿಂದ ಏನು ಪ್ರಯೋಜನವೆಂದು ಕೇಳುತ್ತಿದ್ದ ಹುಡುಗರಿಗೆ ತೋರಿಸಲು ಆಗ ನಮ್ಮ ಕೈಯಲ್ಲಿ ಇಂತಹ ಬುಟ್ಟಿ ಇರಬೇಕಾಗಿತ್ತು!) ಬಟ್ಟಲೊಂದನ್ನು ಬೋರಲಿಟ್ಟು ಅದರ ಮೇಲೆ ಹೆಣೆದರೆ ಆಕಾರ ಕೆಡದು. ಗುಂಡಿ, ದಾರದುಂಡೆ, ಬೀಗದಕೈಗಳನ್ನು ಹಾಕಿಡಲು ಇದು ಸೊಗಸು. ತಿನ್ನುವ ವಸ್ತುಗಳಿಗೆ ಬೇಡ. ಮಗಳಿಗೆ ಓಲೆಯೇ ಆಗಬೇಕೆಂದಿದ್ದರೆ ಇದೇ ತಂತಿಯನ್ನು ಸುರುಳಿಸುತ್ತಿ, ತಾಮ್ರದ ತುದಿಗಳನ್ನು ಒಳಮಡಿಚಿ, ಅಂಗಡಿಯ ಬೆಳ್ಳಿಯ ಕೊಂಡಿಗೆ ಹಾಕಿಕೊಳ್ಳಲಿ. ಮಗುವನ್ನು ಎತ್ತಿಕೊಳ್ಳುವಾಗ ತೆಗೆದಿಡಲಿ.

ಆ ಕಾಲದ ಮನೆಗಳಲ್ಲಿ ಫ್ಲಾಪಿ ತಟ್ಟೆಗಳೂ ಡಬ್ಬಿಗಟ್ಟಲೆ ಇರುವುವು. ಸೋನಿ ಸಂಸ್ಥೆಯವರು 1981ರಲ್ಲಿ ಹೊರತಂದ ಈ ತಟ್ಟೆಯು 90 ಮಿ.ಮೀ. ಅಗಲ, 94 ಮಿ.ಮೀ. ಎತ್ತರ, ಅದರ ಒಂದು ಅಂಚಿನ ಎರಡು ಮೂಲೆಗಳಲ್ಲಿ ಎರಡು ಕಿಂಡಿಗಳಿವೆ. ಎರಡು ತಟ್ಟೆಗಳ ನಡುವೆ ಅದೇ ಅಳತೆಗೆ ಕತ್ತರಿಸಿದ ಕಾಗದಗಳನ್ನಿಟ್ಟು, ತಟ್ಟೆಯನ್ನೇ ಮಾಪಾಗಿಸಿ ತೂತು ಮಾಡಿ, ಎರಡು ಬಳೆಗಳನ್ನು ಪೋಣಿಸಿದರೆ ಹಾಲಿನ ಲೆಕ್ಕಕ್ಕೂ ಧೋಬಿಯ ಲೆಕ್ಕಕ್ಕೂ ಗಟ್ಟಿ ರಟ್ಟಿನ ಪುಸ್ತಕ ಸಿದ್ಧ. ಒಂದು ಕಿಂಡಿಗೆ ಸರಿಯುವ ಪುಟ್ಟ ಬಾಗಿಲಿದೆ. ಅದನ್ನು ತೆರೆದಿಟ್ಟರೆ ತಟ್ಟೆಯ ಮೇಲೆ ಏನನ್ನೂ ಬರೆಯಕೂಡದೆಂದು ಯಂತ್ರಕ್ಕೆ ಸಂಕೇತ. ಬರೆಯಕೂಡದ ತಟ್ಟೆಯೇ ಬರೆಯುವ ಪುಸ್ತಕದ ರಕ್ಷಾಪುಟವಾಗುವುದು ವಿನೋದವಲ್ಲವೆ? ನಾಲ್ಕು ಗೋಡೆ, ಒಂದು ತಳ, ಹೀಗೆ ಐದು ತಟ್ಟೆಗಳಿಂದ ಲೇಖನಿಗಳ ಪೆಟ್ಟಿಗೆಯೂ ಆಗುವುದು. ಕಿಂಡಿಗಳು ಮೇಲಕ್ಕಿರುವಂತೆ ನಾಲ್ಕನ್ನೂ ಒಂದೇ ದಿಕ್ಕಿಗೆ ನಿಲ್ಲಿಸಬೇಕು. ಒಂದು ಅಡ್ಡಬಿದ್ದರೂ 4 ಮಿ.ಮೀ. ವ್ಯತ್ಯಾಸದಿಂದ ಪೆಟ್ಟಿಗೆ ಸೊಟ್ಟಗಾಗುವುದು.

ಹಾರ್ಡ್ ಡಿಸ್ಕನ್ನು ಬಿಚ್ಚಲು ನಕ್ಷತ್ರಾಕಾರದ ತಲೆಯ ಸ್ಕ್ರೂಡ್ರೈವರ್ ಬೇಕು. ಒಂದು ಸ್ಕ್ರೂ ಚೀಟಿಯ ಕೆಳಗೆ ಅವಿತಿರುವುದು ರೂಢಿ. ಒಳಗಿನ ತಟ್ಟೆ 95 ಮಿ.ಮೀ. ಅಗಲ, ಕನ್ನಡಿಯಂತೆ ನುಣುಪು; ನಡುವಣ 25 ಮಿ.ಮೀ. ತೂತಿಗೆ ಅಗಲವಾದ ವಾಷರುಗಳನ್ನಿಟ್ಟು ಗಡಿಯಾರದ ಯಂತ್ರವನ್ನು ಕೂಡಿಸಿದರೆ ಮೇಜಿನ ಗಡಿಯಾರವಾಗುವುದು. ಲ್ಯಾಪ್‌ಟಾಪಿನ ಚಿಕ್ಕ ತಟ್ಟೆ ಅನೇಕವೇಳೆ ಗಾಜಿನದು, ಬಾಗಿಸಿದರೆ ಚೂರುಚೂರಾಗುವುದು; ಅದರ ಗೋಜು ಬೇಡ. ಬಿಚ್ಚುವ ಮುಂಚೆ ಯಂತ್ರವು ಇನ್ನೂ ಏಳುವಂತಿದ್ದರೆ ಮದುವೆ ನಾಮಕರಣಗಳ ಚಿತ್ರಗಳನ್ನು ಬೇರೆಡೆಗೆ ಇಳಿಸಿಕೊಳ್ಳತಕ್ಕದ್ದು. ಅಳಿಸಿದೆವೆಂದುಕೊಂಡ ಕಾಗದಪತ್ರಗಳು ಅದರಲ್ಲಿ ಬಹುಕಾಲ ಉಳಿದಿರುವುದರಿಂದ ತಟ್ಟೆಯನ್ನು ಸುಮ್ಮನೆ ಗುಜರಿಗೆ ಹಾಕುವುದೂ ಸಲ್ಲದು; ಲೋಹದ್ದಾದರೆ ಮೊಳೆಯಿಂದ ಎರಡೂ ಮುಖಗಳನ್ನು ಚೆನ್ನಾಗಿ ಗೀಚಿಬಿಡಬೇಕು. ಅದೇ ಪೆಟ್ಟಿಗೆಯಲ್ಲಿ ನಿಯೋಡಿಮಿಯಮ್ ಅಯಸ್ಕಾಂತಗಳಿವೆ. ಉಕ್ಕಿನ ಪಟ್ಟಿಯಿಂದ ಕೀಳದೆ ಹಾಗೆಯೇ ತಗಡಿನ ತಟ್ಟೆಯ ತಳಕ್ಕೆ ಅಂಟಿಸಿದರೆ ಹೊಲಿಗೆಯ ಗುಂಡುಸೂಜಿಗಳು ಚೆಲ್ಲದೆ ನಿಲ್ಲುವುವು. ಬಿಡಿಯಾಗಿ ಮಾತ್ರ ಮಕ್ಕಳ ಕೈಗೆ ಸಿಗಬಾರದು. ಎರಡನ್ನು ನುಂಗಿದರೆ ಹೊಟ್ಟೆಯೊಳಗೆ ಒಂದನ್ನೊಂದು ಸೆಳೆದು ಕರುಳನ್ನು ತೂತು ಮಾಡುವುವು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರೂ ಅವುಗಳಿಂದ ದೂರವಿರಬೇಕು.

ಕೀಲಿಮಣೆಯ ಗುಂಡಿಗಳು ನೂರರ ಮೇಲುಂಟು. ಚಮಚದ ಹಿಡಿಯಿಂದ ಮೀಟಿ ತೆಗೆದು, ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ, ಹಿಂದಿನ ಪೊಳ್ಳಿಗೆ ಎಂ-ಸೀಲ್ ತುಂಬಿ ಒಂದು ಕೊಂಡಿಯನ್ನು ಊರಿದರೆ ಬೀಗದಕೈ ಬಿಲ್ಲೆಗಳಾಗುವುವು. ‘ಹೋಂ’ ಎಂಬ ಗುಂಡಿಯನ್ನು ಮನೆಯ ಬೀಗದಕೈಗೆ ಕಟ್ಟುವುದು ಯುವಜನರ ಚಮತ್ಕಾರ; ನಮಗೂ ಹಿಡಿಸಿತು. ಸಿ.ಡಿ. ತಟ್ಟೆಗಳಿಗೆ ಸುತ್ತಲೂ ಕ್ರೋಷಾ ಹಾಕಿ ಕಾಫಿಲೋಟದ ಅಡಿಗೆ ಇಡುವುದು ಎಲ್ಲರಿಗೂ ತಿಳಿದದ್ದೇ.

ಇಷ್ಟೆಲ್ಲ ಮಾಡಿದರೂ ಯಂತ್ರದ ತೂಕದಲ್ಲಿ ಕೈಗೆಲಸಕ್ಕೆ ಬರುವುದು ಸ್ವಲ್ಪ ಭಾಗವೇ. ದಿನವೂ ಕೈಗೆ ಬರುವಂತಹದನ್ನು ಮಾತ್ರ ಮಾಡಿಕೊಳ್ಳಿರಿ. ಮೂರು ಗಡಿಯಾರಗಳೂ ಇಪ್ಪತ್ತು ಬಿಲ್ಲೆಗಳೂ ಷೋಕೇಸಿನಲ್ಲಿ ಧೂಳು ತಿಂದರೆ ಅಟ್ಟದ ಕಸವು ನಡುಮನೆಗೆ ಇಳಿದಂತಾಯಿತು. ಕಬ್ಬಿಣದ ಕವಚವನ್ನು ಗುಜರಿಯವನಿಗೆ ಕೊಡಬಹುದು. ಹಲಗೆಗಳು, ವಿದ್ಯುತ್ ಪೆಟ್ಟಿಗೆ, ಮಾನಿಟರು, ಸೀಳಿದ ಹೊದಿಕೆ, ಅಂಟುಪಟ್ಟಿ ಸುತ್ತಿದ ಬ್ಯಾಟರಿಬಿಲ್ಲೆ ಇವನ್ನು ಒಡೆಯದೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಕಾರರಿಗೆ ಮುಟ್ಟಿಸಬೇಕು. 2023ನೆಯ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಅಂತಹವರು ನೋಂದಣಿ ಮಾಡಿಸಿಕೊಂಡಿರಲೇಬೇಕು. ನಿಮ್ಮ ಜಿಲ್ಲೆಗೆ ಹತ್ತಿರದವರು ಯಾರೆಂಬುದನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ವಿಚಾರಿಸಬಹುದು. ಹತ್ತು ಮನೆಯವರು ಸೇರಿ ಒಟ್ಟಿಗೆ ಕಳುಹಿಸಿದರೆ ಆಟೋರಿಕ್ಷಾದ ಬಾಡಿಗೆಯೂ ಹಂಚಿಹೋಗುವುದು.