ಸೊಂಟದ ಲೆಕ್ಕ

ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನೆಲ ತೊಳೆಯುವ ಯಂತ್ರ ನೋಡಿದೆ. ಒಂದು ಟಾಕಿಯಿಂದ ನೀರು ಬಿಟ್ಟು, ಬ್ರಷ್‌ನಿಂದ ಉಜ್ಜಿ, ಕೊಳೆನೀರನ್ನು ಇನ್ನೊಂದಕ್ಕೆ ಹೀರಿಕೊಳ್ಳುತ್ತದೆ. ಹಿಡಿಕೆ ಮೊಣಕೈ ಎತ್ತರಕ್ಕಿದ್ದರೆ ಬೆನ್ನು ಬಾಗುವುದಿಲ್ಲ. ವಿಶಾಲವಾದ ನುಣುಪು ನೆಲಕ್ಕೆ ಅದರ ಬೆಲೆ ಗಿಟ್ಟೀತು. ಕಮಲಾಪುರದ ನಾಲ್ಕು ಕೋಣೆಯ ಶಾಲೆಗೆ? ಒರಟು ಶಹಾಬಾದ್ ಕಲ್ಲಿನ ಸಂದುಗಳಲ್ಲಿ ನೀರು ಹಾಗೇ ಉಳಿಯುತ್ತದೆ. ಅಲ್ಲಿ ಉದ್ದ ಕೋಲಿನ ಒರೆಸುಬಟ್ಟೆಯೇ ಯಂತ್ರ.

ಮುಂದಕ್ಕೆ ಬಾಗಿದಾಗ ಮೈಯ ಮೇಲರ್ಧದ ಭಾರವನ್ನೆಲ್ಲ ಸೊಂಟದ ಸ್ನಾಯುಗಳು ಎಳೆದು ಹಿಡಿಯಬೇಕು. ತರಗತಿಯಲ್ಲಿ ಸನ್ನೆಕೋಲಿನ ಪಾಠ ಹೇಳುವ ನಾವು, ಹೊರಗೆ ಗಿಡ್ಡ ಕಸಬರಿಗೆ ಹಿಡಿದ ಆಯಾಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ!

ಕಲೆ ತೆಗೆಯಲು ಆಸಿಡ್ ಸುರಿಯಬೇಡಿ. ಶಹಾಬಾದ್ ಕಲ್ಲು ಸುಣ್ಣಕಲ್ಲು. ಬುರುಗು ಏಳುವುದು ಕಲ್ಲೇ ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ. ಸಾಬೂನು ನೀರು ಸಾಕು. ಕೋಲು ಮಾತ್ರ ಆಯಾಳ ಎದೆಯೆತ್ತರ ಇರಲಿ.